ಹೊಸಮನೆ ಬಳಗ: ಚಿಕ್ಕಪ್ಪನ ವಿಷಯ

ಗೀತಾ ಅತ್ತೆ: (ಫಾರ್ವರ್ಡ್) "ಬಾಯಿ ಕ್ಯಾನ್ಸರ್‌ನವರಿಗೆ ರಕ್ತ ಬಂದರೆ ಪಟಿಕದ ಪುಡಿ ಒತ್ತಿ, ತಕ್ಷಣ ನಿಲ್ಲುತ್ತೆ. ಆಸ್ಪತ್ರೆಗೆ ಹೋದರೆ ಮಾರ್ಫಿನ್ ಕೊಟ್ಟು ಮುಗಿಸ್ತಾರೆ. ಎಲ್ಲರಿಗೂ ಕಳಿಸಿ 🙏"

ಮಂಜು: ಅತ್ತೆ, ಇದನ್ನ ಹೇಳಿದ್ದು ಯಾವ ಡಾಕ್ಟರ್?

ಗೀತಾ ಅತ್ತೆ: ಭಜನಾ ಮಂಡಳಿ ಗ್ರೂಪಲ್ಲಿ ಬಂತು. ಅವರು ಸುಳ್ಳು ಯಾಕೆ ಹಾಕ್ತಾರೆ?

ದೊಡ್ಡಪ್ಪ: ಮಂಜು, ದೊಡ್ಡವರನ್ನ ಹಾಗೆಲ್ಲ ಪ್ರಶ್ನೆ ಮಾಡಬಾರದು. ಮನೆಯಲ್ಲಿ ವಿಷ್ಣು ಸಹಸ್ರನಾಮ ಹಾಕಿ. ಮಾರ್ಫಿನ್ ಬೇಡ.

ವಿದ್ಯಾ: ದೊಡ್ಡಪ್ಪ, ಅಳತೆ ನೋಡಿ ಕೊಟ್ಟರೆ ಮಾರ್ಫಿನ್ ಸಾಯಿಸಲ್ಲ. ನೋವಿರೋರಿಗೆ ಸುಲಭವಾಗಿ ಸಿಗಲಿ ಅಂತಾನೇ 2014ರಲ್ಲಿ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆ ತಿದ್ದಿದ್ದು. ಅತ್ತೆ, ಚಿಕ್ಕಪ್ಪನ ಕ್ಯಾನ್ಸರ್ ಗಡ್ಡೆ ಮೇಲೆ ಏನೂ ಉಜ್ಜಬೇಡಿ. ಅದು ಕತ್ತಿನ ಕ್ಯಾರೋಟಿಡ್ ರಕ್ತನಾಳಕ್ಕೆ ಅಂಟ್ಕೊಂಡಿದೆ. ಸ್ವಲ್ಪ ಜಿನುಗಿದ್ರೆ ರಕ್ತ ನಿಲ್ಲಿಸೋ ಔಷಧಿ ಟ್ರಾನೆಕ್ಸಾಮಿಕ್ ಆಸಿಡ್‌ನಲ್ಲಿ ನೆನೆಸಿದ ಗಾಜ್ ಬಟ್ಟೆ ಇಡಬಹುದು, ರೇಡಿಯೇಷನ್ನೂ ಇದೆ. ಹಾರ್ಟ್‌ಗೆ ತಗೊಳ್ಳೋ ಆಸ್ಪಿರಿನ್ ನಿಲ್ಲಿಸಬೇಕಾ ಅಂತ ಡಾಕ್ಟರನ್ನ ಕೇಳಿ. ನಾಳವೇ ಒಡೆದ್ರೆ ನಿಮಿಷಗಳಲ್ಲಿ ಮುಗಿದುಹೋಗುತ್ತೆ. ಆಗ ಆಂಬುಲೆನ್ಸ್ ಅಂತ ಬೀದಿಗೆ ಓಡಬೇಡಿ. ಮಗ್ಗುಲಿಗೆ ತಿರುಗಿಸಿ, ಕೈ ಹಿಡ್ಕೊಂಡು ಪಕ್ಕದಲ್ಲೇ ಇರಿ. ಭಯ ಕಮ್ಮಿ ಮಾಡೋ ಮಿಡಜೋಲಮ್ ಮನೇಲಿ ಇಟ್ಕೊಬೇಕಾ, ಯಾರು ಕೊಡಬೇಕು ಅನ್ನೋದನ್ನ ಈಗಲೇ ಮಾತಾಡಿ. ಮಂಚದ ಹತ್ರ ಬಿಳಿ ಟವಲ್ ಬೇಡ, ಕಪ್ಪು ಇಲ್ಲಾ ಕಡುನೀಲಿ ಇಡಿ. ರಕ್ತ ಎದ್ದು ಕಾಣಲ್ಲ, ಚಿಕ್ಕಪ್ಪ ಗಾಬರಿ ಆಗಲ್ಲ.

ರವಿ: ಕಡುಬಣ್ಣ ಅಂದ್ರೆ ಅಜ್ಜಿಯ ನವಲಗುಂದದ ಜಮಖಾನ! ಬೇಸಿಗೆ ರಜೆಯಲ್ಲಿ ಜಗುಲಿ ಮೇಲೆ ಅದನ್ನ ಹಾಸ್ಕೊಂಡು ಸಾಲಾಗಿ ಮಲಗ್ತಿದ್ವಿ. ಚಿಕ್ಕಪ್ಪ ದೆವ್ವದ ಕಥೆ ಹೇಳೋರು 😢

ಗೀತಾ ಅತ್ತೆ: ಅದು ಈಗ ಯಾರ ಮನೇಲಿದೆ ಅಂತ ಎಲ್ಲರಿಗೂ ಗೊತ್ತು.

ದೊಡ್ಡಪ್ಪ: ಅಮ್ಮ ಕೈಯಾರೆ ಕೊಟ್ಟಿದ್ದು, ಗೀತಾ.

ಗೀತಾ ಅತ್ತೆ: ಅಪ್ಪನ ವೆಂಟಿಲೇಟರಿಗೆ ಸಹಿ ಹಾಕಿದ್ದೂ ಅಮ್ಮನೇನಾ ಅಣ್ಣ? ಕೊನೇ ಘಳಿಗೆಯಲ್ಲಿ ನಮಗೆ ಅವರ ಮುಖ ನೋಡೋಕೂ ಆಗಲಿಲ್ಲ.

ದೊಡ್ಡಪ್ಪ: ಆವತ್ತು ನೀನು ಎಲ್ಲಿದ್ದೆ?

ಮಂಜು: ವಿದ್ಯಾ, ಇದಕ್ಕೆಲ್ಲ ಆಧಾರ ಇದ್ಯಾ?

ವಿದ್ಯಾ: ವಾಸಿಯಾಗದ ಕಾಯಿಲೆಯವರ ನೋವು ಕಮ್ಮಿ ಮಾಡೋ ನಮ್ಮ ಪ್ಯಾಲಿಯೇಟಿವ್ ವಾರ್ಡ್‌ನಲ್ಲಿ ಮನೆಯವರಿಗೆ ನಾವು ದಿನಾ ಹೇಳಿಕೊಡೋದೇ ಇದು. ನಾಳೆ ಅವರ ಡಾಕ್ಟರಿಗೆ ನೀನೇ ಫೋನ್ ಮಾಡಿ ಕೇಳು.

ಚಿಕ್ಕಮ್ಮ: ವಿದ್ಯಾ, ನಿನ್ನೆ ದಿಂಬಿನ ಮೇಲೆ ಒಂದು ಚಮಚದಷ್ಟು ರಕ್ತ ಇತ್ತು. ಕವರ್ ಬದಲಾಯಿಸಿ ಸುಮ್ಮನಾದೆ.

ವಿದ್ಯಾ: ಚಿಕ್ಕಮ್ಮ, ದೊಡ್ಡ ರಕ್ತಸ್ರಾವಕ್ಕೆ ಮುಂಚೆ ಕೆಲವು ಸಲ ಹೀಗೆ ಬರುತ್ತೆ. ನಾಳೆವರೆಗೆ ಕಾಯೋದು ಬೇಡ, ಈಗಲೇ ಡಾಕ್ಟರಿಗೆ ಹೇಳಿ. ನಾನು ರಾತ್ರಿ ಬಸ್ಸಿಗೆ ಹೊರಡ್ತೀನಿ.

ಗೀತಾ ಅತ್ತೆ: ನಿನ್ನೆ ಸಂಜೆ ನಾನು ಫೋನ್ ಮಾಡಿದ್ದೆನಲ್ಲ, ನನಗ್ಯಾಕೆ ಹೇಳಲಿಲ್ಲ?

ಚಿಕ್ಕಮ್ಮ: ಅವರು ಪಕ್ಕದಲ್ಲೇ ಇದ್ರು ಅತ್ತಿಗೆ.