ಮನೆಯೊಡತಿ ಬಡಿಸುತ್ತಿರಬೇಕೋ, ಜೊತೆಗೆ ಕೂರಬೇಕೋ?

ಹೊಸಿಲು: ಕಳೆದ ವಾರ ನಮ್ಮ ಮನೆಗೆ ಎಂಟು ಮಂದಿ ಊಟಕ್ಕೆ ಬಂದಿದ್ದರು. ಯಾವುದಕ್ಕೂ ಕೊರತೆಯಾಗಬಾರದೆಂದು ನಾನು ಸಂಜೆಯೆಲ್ಲ ಒಲೆಯ ಮುಂದೆಯೇ ನಿಂತಿದ್ದೆ. ಹೊರಡುವಾಗ ಹಳೆಯ ಗೆಳತಿಯೊಬ್ಬಳು ಬಾಗಿಲಲ್ಲಿ ನನ್ನ ಕೈ ಹಿಡಿದು, "ಊಟ ಚೆನ್ನಾಗಿತ್ತು, ಆದರೆ ನಿನ್ನನ್ನು ನೋಡಿದ ಹಾಗೇ ಆಗಲಿಲ್ಲ" ಎಂದಳು. ಆ ಮಾತು ಇನ್ನೂ ಮನಸ್ಸನ್ನು ಕೊರೆಯುತ್ತಿದೆ. ಬಂದವರನ್ನು ಆದರಿಸುವುದೆಂದರೆ ಬಡಿಸುವುದೋ, ಜೊತೆಗೆ ಕೂರುವುದೋ?

ತಂಗಾಳಿ: ಕೂರುವುದೇ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಮನೆಯೊಡತಿ ಒಳಗೂ ಹೊರಗೂ ಓಡಾಡುತ್ತಿದ್ದರೆ, ತಾವು ಬಂದದ್ದೇ ಹೊರೆಯಾಯಿತೇನೋ ಎಂಬ ಸಂಕೋಚ ಬಂದವರನ್ನು ಕಾಡುತ್ತದೆ. ಜೊತೆಗಿದ್ದರೆ ಮಾತ್ರ ಕಾಣುವ ಸಂಗತಿಗಳೂ ಇವೆ. ಸುಮ್ಮನೆ ಕುಳಿತ ಒಬ್ಬರ ಮೈಯಿಂದ ಸುಮಾರು 100 ವ್ಯಾಟ್ ಶಾಖ ಹೊರಬೀಳುತ್ತದೆ; ಎಂಟು ಜನ ಸೇರಿದರೆ ಕೋಣೆಯಲ್ಲಿ ಒಂದು ಸಣ್ಣ ಹೀಟರ್ ಉರಿದಂತೆಯೇ ಸರಿ. ಕಿಟಕಿ ತೆರೆಯಬೇಕೆಂಬುದು ಅಡುಗೆಮನೆಯಲ್ಲಿ ನಿಂತವರಿಗೆ ಹೊಳೆಯುವುದಿಲ್ಲ. ಅಡುಗೆಯನ್ನು ಬೆಳಿಗ್ಗೆಯೇ ಮುಗಿಸಿಟ್ಟುಕೊಳ್ಳಿ.

ಒರತೆ: ಬಡಿಸುವ ಕೈಯನ್ನು ಇಷ್ಟು ಹಗುರವಾಗಿ ಕಾಣಬೇಡಿ. ನಮ್ಮ ಅತ್ತೆಗೆ ಮಾತು ಬಹಳ ಕಡಿಮೆ. ಆದರೆ ಯಾರಿಗೆ ಎಡಗಿವಿ ಮಂದವೆಂದು ನೆನಪಿಟ್ಟುಕೊಂಡು, ಉಳಿದವರೆಲ್ಲ ಅವರ ಬಲಕ್ಕೆ ಬರುವಂತೆ ಕೂರಿಸುತ್ತಿದ್ದರು. ಶೇಂಗಾ ಅಲರ್ಜಿಯಿದ್ದ ಹುಡುಗನಿಗಾಗಿ, ಯಾರಿಗೂ ತಿಳಿಯದ ಹಾಗೆ, ಬೇರೆಯೇ ಪಾತ್ರೆ, ಬೇರೆಯೇ ಸೌಟು ಇಡುತ್ತಿದ್ದರು. ಅವರ ಪ್ರೀತಿಯೆಲ್ಲ ಆ ಎಚ್ಚರದಲ್ಲಿತ್ತು. ಇನ್ನು ಎಲ್ಲವನ್ನೂ ಬೆಳಿಗ್ಗೆಯೇ ಮಾಡಿಡುವ ಸಲಹೆ: ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡುವುದು ಕ್ಷೇಮವಲ್ಲ. ಬೇಗನೆ ತಣಿಸಿ ಫ್ರಿಜ್‌ನಲ್ಲಿಟ್ಟು, ಬಡಿಸುವ ಮುನ್ನ ಹೊಗೆಯಾಡುವಷ್ಟು ಬಿಸಿ ಮಾಡಲೇಬೇಕು.

ತಂಗಾಳಿ: ನಿಮ್ಮ ತಿದ್ದುಪಡಿಯನ್ನು ಒಪ್ಪುತ್ತೇನೆ, ನಿಮ್ಮ ಅತ್ತೆಯವರ ಎಚ್ಚರಕ್ಕೂ ತಲೆಬಾಗುತ್ತೇನೆ. ನನ್ನ ತಕರಾರಿರುವುದು ಒತ್ತಾಯದ ಉಪಚಾರದ ಬಗ್ಗೆ. ಒಮ್ಮೆ "ಬೇಡ" ಎಂದವರ ತಟ್ಟೆಗೆ ಮತ್ತೆ ಸುರಿದರೆ, ವೈದ್ಯರು ಪಥ್ಯ ಹೇಳಿರುವ ವ್ಯಕ್ತಿ ತನ್ನ ಕಾಯಿಲೆಯನ್ನು ಎಲ್ಲರೆದುರು ಬಿಚ್ಚಿಡಬೇಕಾಗುತ್ತದೆ. ಅದು ಆದರವೆನಿಸದು.

ದೀಪಕಂಬ: ಎಲ್ಲರೂ ಮನೆಯೊಡತಿ ಒಬ್ಬಳ ಬಗ್ಗೆಯೇ ಮಾತನಾಡುತ್ತಿರುವುದು ನನಗೆ ಸರಿಕಾಣುತ್ತಿಲ್ಲ. ನಮ್ಮಲ್ಲಿ ನಾನು ಅಡುಗೆಮನೆಗೆ ನಿಂತರೆ ಹೆಂಡತಿ ಅತಿಥಿಗಳ ಜೊತೆಗಿರುತ್ತಾಳೆ, ಊಟದ ನಡುವೆ ಅದಲುಬದಲಾಗುತ್ತೇವೆ. ಆದರೆ ಅವಳಿಂದ ನಾನು ಕಲಿಯಬೇಕಾದ್ದು ಬಹಳವಿದೆ. ಒಮ್ಮೆ ಸಂಕೋಚದ ಸ್ವಭಾವದ ಅತಿಥಿಯೊಬ್ಬರು ಲೋಟ ಉರುಳಿಸಿದರು. ಮೇಜಿನ ಬಟ್ಟೆಯೆಲ್ಲ ಒದ್ದೆ. ಅವರು ಹೇಳುತ್ತಿದ್ದ ಮಾತು ಅಲ್ಲಿಗೇ ನಿಂತಿತು. ಇವಳು ಅವರ ಮುಖದಿಂದ ಕಣ್ಣು ತೆಗೆಯದೆ, ಒಂದು ಟವೆಲನ್ನು ನೀರಿನ ಮೇಲೆ ಹಾಕಿ, "ಆಮೇಲೆ ಏನಾಯಿತು?" ಎಂದು ಕೇಳಿದಳು. ಅವರು ಮುಂದುವರಿಸಿದರು. ನಾನಾಗಿದ್ದರೆ ಬಟ್ಟೆ ಬದಲಿಸಲು ಧಾವಿಸಿ ಅವರನ್ನು ಇನ್ನಷ್ಟು ಕುಗ್ಗಿಸುತ್ತಿದ್ದೆ.

ಒರತೆ: ಒಂಟಿಯಾಗಿ ಮನೆ ನಡೆಸುವವರು ಯಾರೊಂದಿಗೆ ಅದಲುಬದಲಾಗಬೇಕು? "ನಾನೇನಾದರೂ ಮಾಡಲೇ?" ಎಂದು ಬಂದವರಿಗೆ ನಿಜವಾದ ಕೆಲಸವೊಂದನ್ನು ಕೊಡಬೇಕು ಎಂಬುದು ನನ್ನ ಅನುಭವ. ಯಾರ ಪರಿಚಯವೂ ಇಲ್ಲದೆ ಮೂಲೆಯಲ್ಲಿ ನಿಂತವರಿಗೆ ನೀರಿನ ಲೋಟಗಳನ್ನು ಹಂಚಲು ಹೇಳಿದರೆ, ಹಂಚಿ ಮುಗಿಸುವಷ್ಟರಲ್ಲಿ ಎಲ್ಲರೊಂದಿಗೂ ಎರಡು ಮಾತಾಡಿರುತ್ತಾರೆ.

ಹೊಸಿಲು: ಎಲ್ಲರಿಗೂ ಕೃತಜ್ಞತೆಗಳು. ಆ ಗೆಳತಿಯೂ ಅಂದು ಸಹಾಯಕ್ಕೆಂದು ಅಡುಗೆಮನೆಯ ಬಾಗಿಲಿಗೆ ಬಂದಿದ್ದಳು, ನಾನೇ ಅವಳನ್ನು ಹೊರಗೆ ಕಳುಹಿಸಿದ್ದೆ. ಮುಂದಿನ ತಿಂಗಳು ಅವಳನ್ನು ಮತ್ತೆ ಕರೆದಿದ್ದೇನೆ. ಆರು ಬಗೆಯ ಬದಲು ಮೂರೇ ಬಗೆ ಮಾಡುತ್ತೇನೆ, ಅವಳು ಬಂದರೆ ಒಳಗೆ ಕರೆದುಕೊಳ್ಳುತ್ತೇನೆ.