ಮುರಕಲ್ಲು ಮಣ್ಣು: ಆಕ್ಸಲೇಟ್ ಕಬ್ಬಿಣ ಆರು ಪಟ್ಟು ಜಾಸ್ತಿ ಬರುತ್ತಿದೆ, ಯಾಕೆ?

ಕೆಂಪುಮಣ್ಣು22: ಮೂರು ದಿನದಿಂದ ತಲೆ ಕೆಟ್ಟಿದೆ. ಮೂಡುಬಿದಿರೆ ಕಡೆಯ ಮುರಕಲ್ಲು (ಲ್ಯಾಟರೈಟ್) ಮಣ್ಣು. ಡಿಸಿಬಿಯಲ್ಲಿ (ಡೈಥಯೊನೈಟ್-ಸಿಟ್ರೇಟ್-ಬೈಕಾರ್ಬನೇಟ್, ಹರಳುಗಟ್ಟಿದ ಆಕ್ಸೈಡನ್ನೂ ಕರಗಿಸುವ ದ್ರಾವಣ) ಕಬ್ಬಿಣ 6.2%, ಅದು ಸರಿಯೇ. ಹರಳುಗಟ್ಟದ ಕಬ್ಬಿಣವನ್ನಷ್ಟೇ ಕರಗಿಸಬೇಕಾದ ಆಕ್ಸಲೇಟ್ ದ್ರಾವಣದಲ್ಲಿ 0.3% ಬರುತ್ತಿದ್ದದ್ದು ಈಗ 1.8! ಇಷ್ಟು ಹಳೇ ಮಣ್ಣಲ್ಲಿ ಹರಳುಗಟ್ಟದ ಕಬ್ಬಿಣ ಅಷ್ಟೊಂದು ಎಲ್ಲಿಂದ ಬರಬೇಕು? 0.2 ಮೋಲಾರ್, ಪಿಎಚ್ 3, ನಾಲ್ಕು ಗಂಟೆ ಶೇಕರ್. ಎಲ್ಲ ಪುಸ್ತಕದಲ್ಲಿ ಇರುವ ಹಾಗೇ ಮಾಡಿದ್ದೇನೆ.

ಸೂಜಿಗಲ್ಲು: ಮ್ಯಾಗ್ನೆಟೈಟ್, ಮ್ಯಾಗ್ನೆಟ್‌ಗೆ ಅಂಟುವ ಕಪ್ಪು ಕಬ್ಬಿಣದ ಖನಿಜ. ಆಕ್ಸಲೇಟ್ ಅದನ್ನೂ ಕರಗಿಸುತ್ತದೆ. ಮ್ಯಾಗ್ನೆಟ್ ಆಡಿಸಿ ನೋಡಿ.

ಕೆಂಪುಮಣ್ಣು22: ಆಡಿಸಿದೆ. ನಾಲ್ಕು ಕಣ ಅಂಟಿತು ಅಷ್ಟೆ.

ಸೂಜಿಗಲ್ಲು: ಹಳೇ ಸ್ಪೀಕರಿನದ್ದು ಸಾಲದು, ನಿಯೋಡಿಮಿಯಂ ಬೇಕು. ನೀರಲ್ಲಿ ಕದಡಿ ಆಡಿಸಿ.

ಘಟ್ಟದಮೇಲೆ: ಮೊದಲು ಜಂಬಿಟ್ಟಿಗೆ ಅನ್ನಿ, ಅದೇನು ಮುರಕಲ್ಲು? ಡಿಸಿಬಿ ಬಿಸಿ 80 ಡಿಗ್ರಿ ದಾಟಿತ್ತಾ? ದಾಟಿದರೆ ಗಂಧಕ ತಳಕ್ಕೆ ಕೂರುತ್ತದೆ.

ಸೂಜಿಗಲ್ಲು: ನಮ್ಮೂರಲ್ಲಿ ಮುರಕಲ್ಲೇ ಮಾರಾಯ್ರೆ. ಬುಕಾನನ್ 1807ರಲ್ಲಿ ಲ್ಯಾಟರೈಟ್ ಅಂದದ್ದು ಮಲಬಾರಿನ ಅಂಗಡಿಪುರಂ ಕಲ್ಲು ನೋಡಿ. ಅವನಿಗೂ ನಿಮ್ಮ ಜಂಬಿಟ್ಟಿಗೆ ಗೊತ್ತಿರಲಿಲ್ಲ.

ಘಟ್ಟದಮೇಲೆ: ಲ್ಯಾಟಿನ್‌ನಲ್ಲಿ ಇಟ್ಟಿಗೆ ಅಂತಲೇ ಅಲ್ವಾ ಅವನು ಹೆಸರಿಟ್ಟದ್ದು? ಇರಲಿ. ನಮ್ಮಲ್ಲಿ ಲೋಹ ಅಳೆಯುವ ಹೊಸ ಐಸಿಪಿ ಯಂತ್ರ ಬಂದಿದೆ, ಹಳೇ ಎಎಎಸ್ ಯಂತ್ರ ಮೂಲೆ ಸೇರಿತು. ಅಲ್ಯೂಮಿನಿಯಂ ಕೂಡ ಒಂದೇ ಸಲಕ್ಕೆ ಸಿಗುತ್ತದೆ. ಗೋಥೈಟ್ (ಹರಳುಗಟ್ಟಿದ ಕಬ್ಬಿಣದ ಖನಿಜ) ಒಳಗೆ ಅಲ್ಯೂಮಿನಿಯಂ ಸೇರಿದ್ದರೆ ಕರಗುವುದು ನಿಧಾನ.

ಕೆಂಪುಮಣ್ಣು22: ಸರ್, ನನ್ನದು ಬೇಗ ಕರಗುತ್ತಿದೆ ಅನ್ನುವುದೇ ಕಷ್ಟ.

ಬೀಕರ್‌ತೊಳೆಯುವವಳು: ಶೇಕರ್ ಎಲ್ಲಿಟ್ಟಿದ್ದೀರಿ? ಟ್ಯೂಬ್‌ಗೆ ಏನಾದರೂ ಸುತ್ತಿದ್ದೀರಾ?

ಕೆಂಪುಮಣ್ಣು22: ಹಳೇದು ಕತ್ತಲೆ ಕೋಣೆಯಲ್ಲಿತ್ತು, ಕೆಟ್ಟಿತು. ಈಗಿನದ್ದು ಕಿಟಕಿ ಪಕ್ಕ. ಅದಕ್ಕೂ ಇದಕ್ಕೂ ಏನು ಸಂಬಂಧ?

ಬೀಕರ್‌ತೊಳೆಯುವವಳು: ಇದನ್ನು ಮೊದಲೇ ಹೇಳಬಾರದಾ! ಬೆಳಕು ಬಿದ್ದರೆ ಆಕ್ಸಲೇಟ್ ಫೆರಿಕ್ ಕಬ್ಬಿಣವನ್ನು (Fe³⁺) ಒಂದು ಎಲೆಕ್ಟ್ರಾನ್ ಕೊಟ್ಟು ಫೆರಸ್ (Fe²⁺) ಮಾಡುತ್ತದೆ. ಆ ಫೆರಸ್ ಸೇರಿಕೊಂಡು ಹೆಮಟೈಟ್, ಗೋಥೈಟ್ ಹರಳುಗಳನ್ನೂ ಕರಗಿಸಲು ಶುರುಮಾಡುತ್ತದೆ. ಕತ್ತಲೆಯಲ್ಲಾದರೆ ಅವು ಹೆಚ್ಚುಕಡಿಮೆ ಅಲ್ಲಾಡುವುದಿಲ್ಲ. ನೀವು ಮಾಡುತ್ತಿರುವ ಈ ಆಕ್ಸಲೇಟ್ ಪರೀಕ್ಷೆಗೆ, ಅಂದರೆ 1964ರ ಶ್ವೆರ್ಟ್‌ಮನ್ ವಿಧಾನಕ್ಕೆ ಕತ್ತಲೆಯೇ ಜೀವಾಳ. ಫಾಯಿಲ್ ಸುತ್ತಿ.

ಸೂಜಿಗಲ್ಲು: ಮ್ಯಾಗ್ನೆಟೈಟ್ ಕರಗಿದರೂ ಫೆರಸ್ ಬರುತ್ತದೆ. ಆಗ ಬೆಳಕೇ ಬೇಡ. ಸುಮ್ನೆ ಹೇಳಿದೆ.

ಕೆಂಪುಮಣ್ಣು22 (ಮರುದಿನ): ಅಡುಗೆಮನೆ ಫಾಯಿಲ್ ಸುತ್ತಿದೆ. 0.3, 0.4, 0.3. ಬೀಕರ್ ಮೇಡಂ, ಗೋಳಿಬಜೆ ನನ್ನ ಲೆಕ್ಕದಲ್ಲಿ. ಆದರೆ ಏಳನೇ ಸ್ಯಾಂಪಲ್ ಇನ್ನೂ 1.1ರಲ್ಲೇ ನಿಂತಿದೆ. ಅದು ಹೊಳೆ ಬದಿಯದ್ದು, ಸ್ವಲ್ಪ ಕಪ್ಪು ಮರಳು ಸೇರಿದೆ.

ಸೂಜಿಗಲ್ಲು: ನಿಯೋಡಿಮಿಯಂ ತಂದಿರಾ?