ಪ್ರಶ್ನೋತ್ತರ: ಕೊನೆಯ ಫರ್ಲಾಂಗಿನಲ್ಲಿ ಕೈಕೊಡುವ ಕುದುರೆ

ನಿರ್ವಾಹಕರು: ಎಲ್ಲ ಸದಸ್ಯರಿಗೂ ನಮಸ್ಕಾರ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿ, ಈಗ ಕೆನಡಾದ ಒಂಟಾರಿಯೊದಲ್ಲಿ ರೇಸ್ ಕುದುರೆಗಳಿಗೆ ಚಿಕಿತ್ಸೆ ನೀಡುತ್ತಿರುವ ನಮ್ಮ ಡಾಕ್ಟರ್ ಮೇಡಂ ಈ ವಾರಾಂತ್ಯ ಉತ್ತರಿಸಲು ಒಪ್ಪಿದ್ದಾರೆ. ವುಡ್‌ಬೈನ್, ಫೋರ್ಟ್ ಈರಿ ಮತ್ತು ಪಶ್ಚಿಮದ ಪ್ರಾಂತ್ಯಗಳ ಮೈದಾನಗಳಲ್ಲಿ ರೇಸ್ ನೋಡುವವರು, ಬಾಜಿ ಕಟ್ಟುವವರು ಕುದುರೆಯ ಆರೋಗ್ಯದ ಬಗ್ಗೆ ಕೇಳಬಹುದು. ದಯವಿಟ್ಟು ಟಿಪ್ ಕೇಳಬೇಡಿ.

ಬ್ರಾಂಪ್ಟನ್ ಸದಸ್ಯರು: ಮೇಡಂ, ರೇಸ್ ಪುಸ್ತಕದಲ್ಲಿ ಕೆಲವು ಕುದುರೆಗಳ ಹೆಸರಿನ ಪಕ್ಕದಲ್ಲಿ ‘ಎಲ್’ ಅಕ್ಷರವಿರುತ್ತದೆ. ಅದರ ಅರ್ಥವೇನು? ಅಂಥ ಕುದುರೆಯ ಮೇಲೆ ಹಣ ಹಾಕಿದರೆ ಲಾಭವಿದೆಯೇ?

ಡಾಕ್ಟರ್: ಆ ಕುದುರೆಗೆ ಓಟಕ್ಕೆ ಸುಮಾರು ನಾಲ್ಕು ಗಂಟೆ ಮೊದಲು ಫ್ಯೂರೋಸಮೈಡ್ ಚುಚ್ಚುಮದ್ದು ಕೊಟ್ಟಿರುತ್ತಾರೆ. ಲೇಸಿಕ್ಸ್ ಎಂದು ಎಲ್ಲರೂ ಕರೆಯುವುದು ಇದನ್ನೇ. ಇದು ಮೂತ್ರ ಹೆಚ್ಚಿಸುವ ಔಷಧ. ಪೂರ್ಣ ವೇಗದ ಓಟದಲ್ಲಿ ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳು ಒಡೆದು ಆಗುವ ರಕ್ತಸ್ರಾವವನ್ನು ತಗ್ಗಿಸುತ್ತದೆಯೇ ಹೊರತು ಪೂರ್ತಿ ನಿಲ್ಲಿಸುವುದಿಲ್ಲ. ಲಾಭದ ಲೆಕ್ಕ ನನ್ನ ಕೆಲಸವಲ್ಲ.

ಓಕ್‌ವಿಲ್ ಸದಸ್ಯರು: ನಮಸ್ಕಾರ ಮೇಡಂ. ನಾಲ್ಕು ವರ್ಷದ ಒಂದು ಫಿಲ್ಲಿಯಲ್ಲಿ (ಎಳೆಯ ಹೆಣ್ಣು ಕುದುರೆ) ನನಗೂ ಗೆಳೆಯರಿಗೂ ಸಣ್ಣದೊಂದು ಪಾಲು ಇದೆ. ಕಳೆದ ಮೂರು ಓಟಗಳ ವಿಡಿಯೋ ಮತ್ತೆ ಮತ್ತೆ ನೋಡಿದ್ದೇನೆ. ತಿರುವಿನಿಂದ ನೇರ ಹಾದಿಗೆ ಬರುವವರೆಗೂ ಮುಂದಿನ ಗುಂಪಿನಲ್ಲೇ ಇರುತ್ತಾಳೆ, ಕೊನೆಯ ಫರ್ಲಾಂಗಿನಲ್ಲಿ ಮಾತ್ರ ಯಾರೋ ಹಿಂದಿನಿಂದ ಎಳೆದಂತೆ ನಿಂತುಬಿಡುತ್ತಾಳೆ. ಓಟ ಮುಗಿದ ಮೇಲೆ ಪದೇ ಪದೇ ನುಂಗುತ್ತಾಳೆ, ಒಂದೆರಡು ಬಾರಿ ಕೆಮ್ಮಿದಳು. ಮೂಗಿನಲ್ಲಿ ರಕ್ತ ಕಂಡಿಲ್ಲ. ದೂರ ಹೆಚ್ಚಾಯಿತು, ಹತ್ತು ದಿನಗಳಲ್ಲಿ ಕಡಿಮೆ ದೂರಕ್ಕೆ ಓಡಿಸೋಣ ಎಂದು ಟ್ರೇನರ್ ಹೇಳುತ್ತಾರೆ. ನಮ್ಮ ಗುಂಪಿನ ಅನೇಕರು ಆಕೆಯ ಮೇಲೆ ಹಣ ಕಟ್ಟುತ್ತಾರೆ. ಏನು ಮಾಡಬೇಕು?

ಡಾಕ್ಟರ್: ಈ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ, ಏಕೆಂದರೆ ನೀವು ಹೇಳಿದ ನುಂಗುವಿಕೆ ನನಗೆ ಇಷ್ಟವಾಗಲಿಲ್ಲ. ನಾನು ಆ ಫಿಲ್ಲಿಯನ್ನು ನೋಡಿಲ್ಲ. ಆದ್ದರಿಂದ ಇದು ಚಿಕಿತ್ಸೆಯ ಸಲಹೆಯಲ್ಲ, ನಿಮ್ಮ ವೈದ್ಯರ ಮುಂದೆ ನೀವು ಇಡಬೇಕಾದ ಪ್ರಶ್ನೆಗಳ ಪಟ್ಟಿ ಎಂದು ತಿಳಿಯಿರಿ.

ಮೂಗಿನಲ್ಲಿ ರಕ್ತ ಕಾಣಲಿಲ್ಲ ಎಂಬುದರಿಂದ ಸಮಾಧಾನಪಡಬೇಡಿ. ಓಡುವ ಥರೋಬ್ರೆಡ್ (ರೇಸಿನ ತಳಿ) ಕುದುರೆಗಳಲ್ಲಿ ಬಹುಪಾಲಿಗೆ ಒಂದಲ್ಲ ಒಂದು ಮಟ್ಟದ ಶ್ವಾಸಕೋಶದ ರಕ್ತಸ್ರಾವ ಇರುತ್ತದೆ. ಅದು ಹೊಳ್ಳೆಯವರೆಗೆ ಬರುವುದು ಬಹಳ ಕಡಿಮೆ ಕುದುರೆಗಳಲ್ಲಿ. ರಕ್ತ ಶ್ವಾಸನಾಳದಲ್ಲಿ ಮೇಲಕ್ಕೆ ಬಂದಾಗ ಕುದುರೆ ಅದನ್ನು ನುಂಗುತ್ತದೆ, ಆದ್ದರಿಂದ ಹೊರಗೆ ಏನೂ ಕಾಣುವುದಿಲ್ಲ. ಅದನ್ನು ನೋಡುವ ದಾರಿಯೆಂದರೆ ವೇಗದ ಓಟ ಮುಗಿದ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಮೂಗಿನ ಮೂಲಕ ಎಂಡೋಸ್ಕೋಪ್ (ತುದಿಯಲ್ಲಿ ಕ್ಯಾಮೆರಾ ಇರುವ ನಳಿಕೆ) ಇಳಿಸುವುದು. ಕಂಡದ್ದಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ದರ್ಜೆ ಕೊಡುತ್ತಾರೆ. ಒಂದನೆಯ ದರ್ಜೆಯ ಕುದುರೆ ಚೆನ್ನಾಗಿಯೇ ಓಡಬಹುದು. ಮೂರು ಮತ್ತು ನಾಲ್ಕರ ಕುದುರೆ ಕೊನೆಯಲ್ಲಿ ಕುಸಿದರೆ ಆಶ್ಚರ್ಯವಿಲ್ಲ. ಮರುದಿನ ಬೆಳಿಗ್ಗೆ ನಿಧಾನವಾಗಿ ನಡೆಸಿ ಸ್ಕೋಪ್ ಮಾಡಿ ‘ಏನೂ ಇಲ್ಲ’ ಎಂದರೆ ಅದಕ್ಕೆ ಬೆಲೆಯಿಲ್ಲ.

ಆದರೆ ರಕ್ತಸ್ರಾವವೊಂದನ್ನೇ ಹಿಡಿದು ಕೂರಬಾರದು. ಕುದುರೆ ಬಾಯಿಯಿಂದ ಉಸಿರಾಡಲಾರದು, ನಾಗಾಲೋಟದಲ್ಲಿ ಹೆಜ್ಜೆಗೊಂದು ಉಸಿರು. ಆದ್ದರಿಂದ ಗಂಟಲಿನ ದಾರಿ ಸ್ವಲ್ಪ ಕಿರಿದಾದರೂ ಮುಂದಿನ ಹೆಜ್ಜೆಗೆ ಗಾಳಿ ಸಾಲುವುದಿಲ್ಲ. ಎಡಗಡೆಯ ಉದ್ದನೆಯ ನರ ಸೊರಗಿ ಧ್ವನಿಪೆಟ್ಟಿಗೆಯ ಎಡಭಾಗ ತೆರೆಯದಿದ್ದರೆ ಉಸಿರೆಳೆದುಕೊಳ್ಳುವಾಗ ಗರ್ಜನೆಯಂಥ ಸದ್ದು ಬರುತ್ತದೆ. ಇದು ನಿಂತ ಕುದುರೆಯಲ್ಲೂ ಬಹುಮಟ್ಟಿಗೆ ಗೊತ್ತಾಗುತ್ತದೆ. ಮೃದು ಅಂಗುಳು ಜಾಗ ಬಿಟ್ಟು ಮೇಲೇರಿದರೆ ಕುದುರೆ ಒಮ್ಮೆಲೇ ನಿಂತಂತಾಗುತ್ತದೆ, ಗೊರಗೊರ ಸದ್ದು ಬರುತ್ತದೆ, ನುಂಗಿದ ಕೂಡಲೇ ಸರಿಹೋಗುತ್ತದೆ. ಇದು ಓಡುವಾಗ ಮಾತ್ರ ಆಗುವಂಥದ್ದು. ಹೀಗಾಗಿ ಕುದುರೆಯ ಮೇಲೆಯೇ ಸ್ಕೋಪ್ ಕಟ್ಟಿ ಓಡಿಸಿ ನೋಡಬೇಕಾಗುತ್ತದೆ. ಜಾಕಿಯನ್ನು ಕೇಳಿ: ಸದ್ದು ಕೇಳಿಸಿತೇ, ಯಾವ ಹಂತದಲ್ಲಿ? ಅವರ ಒಂದು ವಾಕ್ಯ ನನ್ನ ಅರ್ಧ ದಿನದ ಪರೀಕ್ಷೆಗೆ ಸಮ.

ಇನ್ನೊಂದು ಸಾಧ್ಯತೆ ಹೃದಯದ ತಾಳ ತಪ್ಪುವುದು. ಮೇಲಿನ ಕೋಣೆಗಳು ಕ್ರಮವಾಗಿ ಮಿಡಿಯದೆ ಅದುರತೊಡಗಿದರೆ ಕುದುರೆ ಓಟದ ನಡುವೆಯೇ ಕೈಬಿಡುತ್ತದೆ. ಒಂದೆರಡು ದಿನಗಳಲ್ಲಿ ಅದು ತಾನಾಗಿಯೇ ಸರಿಹೋಗಬಹುದಾದ್ದರಿಂದ ಓಟ ಮುಗಿದ ತಕ್ಷಣ ಎದೆಗೆ ಸ್ಟೆತಾಸ್ಕೋಪ್ ಇಡಬೇಕು. ಮೂರು ಓಟಗಳಲ್ಲೂ ಒಂದೇ ಜಾಗದಲ್ಲಿ ನಿಲ್ಲುತ್ತಿದ್ದಾಳೆ ಎಂಬುದರಿಂದ ಇದು ಸ್ವಲ್ಪ ದೂರದ ಸಾಧ್ಯತೆ. ಆದರೂ ಕೇಳಿಸಿಕೊಳ್ಳುವುದಕ್ಕೆ ಖರ್ಚೇನೂ ಇಲ್ಲ. ಟ್ರೇನರ್ ಹೇಳಿದಂತೆ ದೂರವೇ ಕಾರಣವಾಗಿರಬಹುದು, ಅಲ್ಲಗಳೆಯುವುದಿಲ್ಲ. ಆದರೆ ಮುಂದಿನ ವೇಗದ ವ್ಯಾಯಾಮದ ನಂತರ ಸ್ಕೋಪ್ ಆಗದೆ ಹತ್ತು ದಿನಗಳಲ್ಲಿ ಹೆಸರು ಕೊಡುವುದನ್ನು ನಾನು ಒಪ್ಪುವುದಿಲ್ಲ.

ವಿಂಡ್ಸರ್ ಸದಸ್ಯರು: ಓಕ್‌ವಿಲ್ ಸಹೋದರರೇ, ಮೈಸೂರಿನಿಂದ ನಮ್ಮ ಬಂಧುಗಳು ಕಳಿಸಿದ ಸಂದೇಶವನ್ನು ಹಂಚಿಕೊಳ್ಳುತ್ತಿದ್ದೇನೆ. ರಕ್ತ ಬೀಳುವ ಕುದುರೆಗೆ ಗಸಗಸೆ ಮತ್ತು ಅರಿಶಿನವನ್ನು ಬೆಲ್ಲದೊಡನೆ ಅರೆದು ಉಂಡೆ ಮಾಡಿ ಏಳು ದಿನ ತಿನ್ನಿಸಬೇಕು. ಎದೆಗೆ ಕರ್ಪೂರ ಮತ್ತು ಒಣಮೆಣಸಿನಕಾಯಿಯ ಎಣ್ಣೆ ತಿಕ್ಕಬೇಕು. ನೂರಕ್ಕೆ ನೂರು ಗುಣವಂತೆ. ಹೆಚ್ಚು ಜನರಿಗೆ ತಲುಪಿಸಿ.

ಡಾಕ್ಟರ್: ದಯವಿಟ್ಟು ತಲುಪಿಸಬೇಡಿ. ಗಸಗಸೆಯಿಂದ ಕುದುರೆಯ ಮೂತ್ರದಲ್ಲಿ ಮಾರ್ಫಿನ್ ಕಾಣಿಸಿಕೊಳ್ಳುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನಿಷಿದ್ಧ ವಸ್ತು. 2008ರ ಒಲಿಂಪಿಕ್ಸ್‌ನಲ್ಲಿ ಅದೇ ಕಾರಣಕ್ಕೆ ಕುದುರೆಗಳು ಹೊರಬಿದ್ದವು. ಕೆನಡಾದಲ್ಲಿ ಓಟದ ನಂತರದ ರಕ್ತ ಮತ್ತು ಮೂತ್ರ ಪರೀಕ್ಷೆಯ ಕಾರ್ಯಕ್ರಮವನ್ನು ಕೇಂದ್ರ ಕೃಷಿ ಇಲಾಖೆಯ ಕೆಳಗಿರುವ ಕೆನಡಿಯನ್ ಪ್ಯಾರಿ-ಮ್ಯೂಚುವಲ್ ಏಜೆನ್ಸಿ ನಡೆಸುತ್ತದೆ. ಒಂಟಾರಿಯೊದಲ್ಲಿ ಶಿಕ್ಷೆ ವಿಧಿಸುವುದು ಮದ್ಯ ಮತ್ತು ಜೂಜು ನಿಯಂತ್ರಣ ಆಯೋಗ. ನಿಮ್ಮ ಬಂಧುಗಳ ಉಂಡೆಗೆ ಟ್ರೇನರ್ ಪರವಾನಗಿ ಕಳೆದುಕೊಳ್ಳಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕುದುರೆಗೆ ವಾಂತಿ ಮಾಡಲು ಆಗದು. ಹೊಟ್ಟೆಗೆ ಏನು ಹಾಕಿದರೂ ಅದು ಮುಂದಕ್ಕೇ ಹೋಗಬೇಕು. ಹೊಟ್ಟೆಶೂಲೆಯಿಂದ ಕುದುರೆ ಸಾಯಬಹುದು.

ಬ್ರಾಂಪ್ಟನ್ ಸದಸ್ಯರು: ಹಾಗಾದರೆ ಮೊದಲ ಬಾರಿ ಲೇಸಿಕ್ಸ್ ಪಡೆದ ಕುದುರೆಯ ಮೇಲೆ ಕಣ್ಣುಮುಚ್ಚಿ ಹಾಕಬಹುದಲ್ಲವೇ? ಎಲ್ಲರೂ ಹಾಗೆ ಹೇಳುತ್ತಾರೆ.

ಡಾಕ್ಟರ್: ದಕ್ಷಿಣ ಆಫ್ರಿಕಾದಲ್ಲಿ 167 ಥರೋಬ್ರೆಡ್‌ಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವು ಔಷಧದಿಂದ ರಕ್ತಸ್ರಾವ ಕಡಿಮೆಯಾಗುತ್ತದೆ ಎಂದು ತೋರಿಸಿತು. ಕಣ್ಣು ಮುಚ್ಚಬೇಕೆಂದು ಅದರಲ್ಲಿ ಬರೆದಿಲ್ಲ.

ಹ್ಯಾಮಿಲ್ಟನ್ ಸದಸ್ಯರು: ಮೇಡಂ, ವುಡ್‌ಬೈನಿನ ಟಪೆಟಾ ಮೇಲೆ ಗೆಲ್ಲುವ ಕುದುರೆ ಫೋರ್ಟ್ ಈರಿಯ ಮಣ್ಣಿನ ಮೇಲೆ ಏಕೆ ಸೋಲುತ್ತದೆ? ಕಿಂಗ್ಸ್ ಪ್ಲೇಟ್ ಗೆದ್ದ ಕುದುರೆಯ ಮೇಲೆ ಪ್ರಿನ್ಸ್ ಆಫ್ ವೇಲ್ಸ್ ಓಟದಲ್ಲಿ ಹಾಕಿ ಹಣ ಕಳೆದುಕೊಂಡೆ.

ಡಾಕ್ಟರ್: ಟಪೆಟಾ ಎಂದರೆ ಮರಳು, ನಾರು ಮತ್ತು ಮೇಣದ ಮಿಶ್ರಣ. ಅಲ್ಲಿ ಗೊರಸು ಹೂತು ಜಾರುವ ರೀತಿ ಬೇರೆ, ಮುಖಕ್ಕೆ ಎರಚುವ ಮಣ್ಣೂ ಕಡಿಮೆ. ಮಣ್ಣಿನ ಹಾದಿಯಲ್ಲಿ ಹಿಂದೆ ಬೀಳುವ ಕುದುರೆಗೆ ಮುಖದ ತುಂಬ ಮಣ್ಣು. ನೀವು ಹೇಳಿದ ಎರಡೂ ಸೇರಿದಂತೆ ಮೂರು ಓಟಗಳ ಕೆನಡಾದ ತ್ರಿವಳಿ ಕಿರೀಟವು ಟಪೆಟಾ, ಮಣ್ಣು, ಹುಲ್ಲು ಮೂರರ ಮೇಲೂ ನಡೆಯುತ್ತದೆ. 2003ರಲ್ಲಿ ವ್ಯಾಂಡೊ ಗೆದ್ದ ಮೇಲೆ ಯಾವ ಕುದುರೆಯೂ ಮೂರನ್ನೂ ಗೆದ್ದಿಲ್ಲ.

ಸ್ಕಾರ್‌ಬರೋ ಸದಸ್ಯರು: ನಾರ್ದರ್ನ್ ಡ್ಯಾನ್ಸರ್ ಕೂಡ ಗೆದ್ದಿತ್ತಲ್ಲ? ನಮ್ಮ ಒಶಾವಾದ ಕುದುರೆ.

ಲಂಡನ್ ಸದಸ್ಯರು (ಒಂಟಾರಿಯೊ): ತಪ್ಪು. ಅದು 1964ರಲ್ಲಿ ಕೆಂಟಕಿ ಡರ್ಬಿಯನ್ನು ಎರಡು ನಿಮಿಷದಲ್ಲಿ ಗೆದ್ದಿತು, ಪ್ರೀಕ್ನೆಸ್ ಗೆದ್ದಿತು, ಬೆಲ್ಮಾಂಟ್‌ನಲ್ಲಿ ಮೂರನೆಯದಾಯಿತು. ಆಮೇಲೆ ಕ್ವೀನ್ಸ್ ಪ್ಲೇಟ್ (ಇಂದಿನ ಕಿಂಗ್ಸ್ ಪ್ಲೇಟ್) ಗೆದ್ದಿತು. ಅಮೆರಿಕದ ಕಿರೀಟವೂ ಇಲ್ಲ, ಕೆನಡಾದ ಕಿರೀಟವೂ ಇಲ್ಲ.

ಸ್ಕಾರ್‌ಬರೋ ಸದಸ್ಯರು: ಕಿರೀಟ ಇಲ್ಲದಿದ್ದರೇನು, ಸಂತಾನದಲ್ಲಿ ಅದನ್ನು ಮೀರಿಸಿದ್ದು ಯಾವುದಿದೆ? ನೀವು ಅಮೆರಿಕದ ಕುದುರೆ ಸೆಕ್ರೆಟೇರಿಯಟ್‌ನ ಭಕ್ತರು, ಗೊತ್ತು.

ಲಂಡನ್ ಸದಸ್ಯರು: ಸೆಕ್ರೆಟೇರಿಯಟ್ ತನ್ನ ಕೊನೆಯ ಓಟವನ್ನು 1973ರ ಅಕ್ಟೋಬರ್‌ನಲ್ಲಿ ವುಡ್‌ಬೈನಿನಲ್ಲೇ ಓಡಿ ಗೆದ್ದಿತು. ಅದರ ಜಾಕಿ ರಾನ್ ಟರ್ಕಾಟ್ ಅಮಾನತಿನಲ್ಲಿದ್ದುದರಿಂದ ಎಡ್ಡಿ ಮೇಪಲ್ ಏರಿದ್ದರು. ಇದು ಭಕ್ತಿಯಲ್ಲ, ದಾಖಲೆ.

ಡಾಕ್ಟರ್: ನಾರ್ದರ್ನ್ ಡ್ಯಾನ್ಸರ್ ಪ್ಲೇಟ್ ನಂತರ ಓಡದಿದ್ದುದಕ್ಕೆ ಕಾರಣ ಮುಂಗಾಲಿನ ಸ್ನಾಯುರಜ್ಜಿನ ಗಾಯ. ಅದರ ಬಗ್ಗೆ ಪ್ರಶ್ನೆಯಿದ್ದರೆ ಕೇಳಿ. ಯಾವುದು ದೊಡ್ಡದು ಎಂಬ ವಾದಕ್ಕೆ ನನ್ನನ್ನು ಎಳೆಯಬೇಡಿ.

ಕಿಚನರ್ ಸದಸ್ಯೆ: ಇಲ್ಲಿ ಕೇಳಬಹುದೋ ಇಲ್ಲವೋ ತಿಳಿಯದು. ನಮ್ಮ ಯಜಮಾನರು ಕೆಲಸದಿಂದ ಬಂದವರೇ ಫೋನಿನಲ್ಲಿ ಬಾಜಿ ಕಟ್ಟುತ್ತಾರೆ. ಈ ತಿಂಗಳ ಬಾಡಿಗೆ ಕೊಡುವುದೇ ಕಷ್ಟವಾಯಿತು. ಖಾತೆಗೆ ಮಿತಿ ಹಾಕುವ ದಾರಿ ಇದೆಯೇ?

ಬ್ರಾಂಪ್ಟನ್ ಸದಸ್ಯರು: ಮೊನ್ನೆ ನಾನು ಐದಕ್ಕೆ ಒಂದು ದರ ಇದ್ದಾಗ ಹಾಕಿದೆ. ಗೇಟು ತೆರೆದ ಮೇಲೆ ಎರಡಕ್ಕೆ ಒಂದಾಯಿತು. ಇದು ಮೋಸವಲ್ಲವೇ? ಬೆಂಗಳೂರಿನ ರೇಸ್‌ಕೋರ್ಸಿನಲ್ಲಿ ಬುಕ್ಕಿ ಚೀಟಿ ಬರೆದುಕೊಟ್ಟ ಮೇಲೆ ಆ ದರ ಆ ದರವೇ.

ಹ್ಯಾಮಿಲ್ಟನ್ ಸದಸ್ಯರು: ಇಲ್ಲಿ ಬುಕ್ಕಿ ಇಲ್ಲ ಸ್ವಾಮಿ. ಎಲ್ಲರ ಹಣ ಒಂದು ರಾಶಿಗೆ ಬೀಳುತ್ತದೆ, ಮೈದಾನದ ಪಾಲು ಕಳೆದು ಉಳಿದದ್ದನ್ನು ಗೆದ್ದವರು ಹಂಚಿಕೊಳ್ಳುತ್ತಾರೆ. ಕೊನೆಯ ಕ್ಷಣದಲ್ಲಿ ಬೇರೆ ಮೈದಾನಗಳಿಂದಲೂ ಅಮೆರಿಕದಿಂದಲೂ ಬಂದ ಹಣ ಅದೇ ರಾಶಿಗೆ ಸೇರುತ್ತದೆ, ಫಲಕದಲ್ಲಿ ಮಾತ್ರ ತಡವಾಗಿ ಕಾಣುತ್ತದೆ. 2021ರಲ್ಲಿ ಒಂದೇ ಪಂದ್ಯದ ಮೇಲಿನ ಬಾಜಿಯನ್ನು ಕೆನಡಾ ಕಾನೂನುಬದ್ಧ ಮಾಡಿದಾಗಲೂ ಕುದುರೆ ಓಟವನ್ನು ಹೊರಗಿಟ್ಟು ಈ ಪದ್ಧತಿಯನ್ನೇ ಉಳಿಸಿತು.

ಬ್ರಾಂಪ್ಟನ್ ಸದಸ್ಯರು: ಅಂದರೆ ಬೆಂಗಳೂರೇ ಮೇಲು ಎಂದಾಯಿತು.

ಹ್ಯಾಮಿಲ್ಟನ್ ಸದಸ್ಯರು: ಮೇಲೇ? ಅಲ್ಲಿ 2023ರ ಅಕ್ಟೋಬರ್‌ನಿಂದ ಪಣದ ಪೂರ್ತಿ ಮೊತ್ತದ ಮೇಲೆ 28 ಶೇಕಡ ಜಿಎಸ್‌ಟಿ, 2025ರ ಸೆಪ್ಟೆಂಬರ್‌ನಿಂದ 40 ಶೇಕಡ. ಇಲ್ಲಿ ಕೇಂದ್ರದ ಶುಲ್ಕ 0.8 ಶೇಕಡ. ಲೆಕ್ಕ ಬಾರದವರು ಮೊದಲೆರಡು ಅಥವಾ ಮೊದಲ ಮೂರು ಕುದುರೆಗಳನ್ನು ಕ್ರಮವಾಗಿ ಹೇಳಬೇಕಾದ ಎಕ್ಸಾಕ್ಟರ್, ಟ್ರೈಯಾಕ್ಟರ್ ಬಿಟ್ಟು, ಗೆಲ್ಲುವ ಕುದುರೆಯನ್ನಷ್ಟೇ ಹೇಳುವ ವಿನ್ ಮಾತ್ರ ಆಡಬೇಕು, ಅದರಲ್ಲಿ ಮೈದಾನ ಕತ್ತರಿಸುವ ಪಾಲು ಕಡಿಮೆ.

ಬ್ರಾಂಪ್ಟನ್ ಸದಸ್ಯರು: ನನಗೆ ಲೆಕ್ಕ ಬರುತ್ತದೆ. ನಿಮ್ಮಿಂದ ಕಲಿಯಬೇಕಾದ ಸ್ಥಿತಿ ಬಂದಿಲ್ಲ.

ನಿರ್ವಾಹಕರು: ಮರ್ಯಾದೆ ಇರಲಿ. ಕಿಚನರ್ ಅಕ್ಕನವರ ಪ್ರಶ್ನೆ ಹಾಗೆಯೇ ಉಳಿದಿದೆ.

ಗ್ವೆಲ್ಫ್ ಸದಸ್ಯೆ: ಅಕ್ಕಾ, ಖಾತೆದಾರರೇ ಬಾಜಿಯ ಸಂಸ್ಥೆಗೆ ಬರೆದು ತಮ್ಮನ್ನು ಹೊರಗಿಡುವಂತೆ ಕೇಳಬಹುದು. ಅವರ ಒಪ್ಪಿಗೆಯಿಲ್ಲದೆ ನೀವು ಮಾಡಿಸುವುದು ಕಷ್ಟ. ಕನೆಕ್ಸ್ ಒಂಟಾರಿಯೊ ಸಹಾಯವಾಣಿ ದಿನದ 24 ಗಂಟೆಯೂ ಉಚಿತ, ಮನೆಯವರೂ ಕರೆ ಮಾಡಬಹುದು. ನಿಮಗೆ ಖಾಸಗಿಯಾಗಿ ಬರೆದಿದ್ದೇನೆ.

ಕ್ಯಾಲ್ಗರಿ ಸದಸ್ಯರು: ಎಡ್ಮಂಟನ್‌ನ ಸೆಂಚುರಿ ಮೈಲ್‌ನಲ್ಲಿ ಕೆನಡಿಯನ್ ಡರ್ಬಿ ನೋಡಲು ಮಕ್ಕಳನ್ನು ಕರೆದೊಯ್ಯಬಹುದೇ?

ವಿಂಡ್ಸರ್ ಸದಸ್ಯರು: ಮೇಡಂ, ಉಂಡೆ ಬೇಡವೆಂದಿರಿ, ಸರಿ. ಗಟ್ಟಿ ಕಾಫಿ ಡಿಕಾಕ್ಷನ್ ಕುಡಿಸಿದರೆ ಉಸಿರು ತೆರೆಯುತ್ತದೆಂದು ಇನ್ನೊಂದು ಸಂದೇಶ ಬಂದಿದೆ. ಇದು ನೈಸರ್ಗಿಕ.

ಡಾಕ್ಟರ್: ಕೆಫೀನ್ ನಿಷಿದ್ಧ. ಡಿಕಾಕ್ಷನ್ ನೀವು ಕುಡಿಯಿರಿ. ಮೂರನೆಯ ಸಂದೇಶ ಬಂದರೆ ಅದನ್ನು ಇಲ್ಲಿ ಹಾಕದೆ ಅಳಿಸಿಬಿಡಿ. ಇಂಥವನ್ನು ಓದಿ ಯಾರೋ ಒಬ್ಬರು ಲಾಯದಲ್ಲಿ ಪ್ರಯೋಗ ಮಾಡುತ್ತಾರೆ, ಆಮೇಲೆ ಮಧ್ಯರಾತ್ರಿ ಕರೆ ಬರುವುದು ನಮ್ಮಂಥವರಿಗೆ.

ವಿಂಡ್ಸರ್ ಸದಸ್ಯರು: ಒಳ್ಳೆಯದನ್ನು ಹಂಚಿಕೊಂಡರೆ ಹೀಗೆ ಮಾತನಾಡುತ್ತಾರೆಂದು ತಿಳಿದಿರಲಿಲ್ಲ. ಓದಿದವರ ಅಹಂಕಾರ.

ಮಿಸಿಸಾಗಾ ಸದಸ್ಯರು: ಗೆದ್ದ ಕುದುರೆ ಔಷಧ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಎರಡನೆಯದರ ಮೇಲೆ ಹಾಕಿದ ನಮಗೆ ಹಣ ಸಿಗುತ್ತದೆಯೇ?

ಹ್ಯಾಮಿಲ್ಟನ್ ಸದಸ್ಯರು: ಇಲ್ಲ. ಫಲಿತಾಂಶ ಅಧಿಕೃತವೆಂದು ಘೋಷಿಸಿದ ಮೇಲೆ ಬಟವಾಡೆ ಬದಲಾಗದು. ಮಾಲೀಕರ ಬಹುಮಾನ ಮಾತ್ರ ವಾಪಸು ಹೋಗುತ್ತದೆ.

ಬ್ರಾಂಪ್ಟನ್ ಸದಸ್ಯರು: ಮೇಡಂ, ‘ಎಲ್’ ಇಲ್ಲದ ಕುದುರೆ ಎಂದರೆ ಆರೋಗ್ಯವಂತ ಎಂದು ಭಾವಿಸಬಹುದೇ?

ಡಾಕ್ಟರ್: ಇಲ್ಲ. ಮೇಲಿನದನ್ನು ಓದಿ.

ಓಕ್‌ವಿಲ್ ಸದಸ್ಯರು: ಮೇಡಂ, ಇಂದು ಬೆಳಿಗ್ಗೆ ವೇಗದ ವ್ಯಾಯಾಮದ ನಂತರ ಒಂದು ಗಂಟೆಯೊಳಗೆ ಸ್ಕೋಪ್ ಮಾಡಿಸಿದೆವು. ಮೂರನೆಯ ದರ್ಜೆ. ಧ್ವನಿಪೆಟ್ಟಿಗೆ ಸರಿಯಾಗಿದೆ, ಹೃದಯದ ತಾಳ ಸರಿಯಾಗಿದೆ. ಜಾಕಿ ಯಾವ ಸದ್ದೂ ಕೇಳಲಿಲ್ಲ ಎಂದರು. ಲೇಸಿಕ್ಸ್ ಪಟ್ಟಿಗೆ ಸೇರಿಸಿ ನಿಗದಿಯಂತೆ ಓಡಿಸೋಣ ಎಂದು ಟ್ರೇನರ್ ಹೇಳುತ್ತಾರೆ. ಪಾಲುದಾರರಲ್ಲಿ ಇಬ್ಬರು ಅವರ ಪರ.

ಡಾಕ್ಟರ್: ಮೂರನೆಯ ದರ್ಜೆ ಎಂದರೆ ಶ್ವಾಸನಾಳದ ಸುತ್ತಳತೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ರಕ್ತದ ಗೆರೆಗಳಿಂದ ಮುಚ್ಚಿದೆ ಎಂದರ್ಥ. ವ್ಯಾಯಾಮದಲ್ಲೇ ಇಷ್ಟಿದ್ದರೆ ಓಟದಲ್ಲಿ ಇದಕ್ಕಿಂತ ಹೆಚ್ಚಿರಬಹುದು. ನಿಮ್ಮ ವೈದ್ಯರೊಡನೆ ಈ ಕ್ರಮದಲ್ಲಿ ಮಾತನಾಡಿ. ಶ್ವಾಸಕೋಶದ ಕೆಳಭಾಗವನ್ನು ತೊಳೆದು ತೆಗೆದ ದ್ರವದಲ್ಲಿ ಉರಿಯೂತದ ಕಣಗಳಿವೆಯೇ ಎಂದು ಮೊದಲು ನೋಡಬೇಕು, ಉರಿಯೂತದ ಶ್ವಾಸನಾಳವಿರುವ ಕುದುರೆಯಲ್ಲಿ ಸ್ರಾವ ಬೇಗ ವಾಸಿಯಾಗುವುದಿಲ್ಲ. ಲಾಯದಲ್ಲಿ ಹಾಸುವ ಹುಲ್ಲಿನ ಧೂಳು, ತಿನ್ನುವ ಒಣಹುಲ್ಲಿನ ಬೂಷ್ಟು ಕಡಿಮೆ ಮಾಡಬೇಕು. ಒಣಹುಲ್ಲನ್ನು ನೀರಿನಲ್ಲಿ ನೆನೆಸಿ ಕೊಡಬೇಕು. ಕೆಲವು ವಾರ ವೇಗದ ಓಟವಿಲ್ಲದೆ ಬಿಟ್ಟು, ಮತ್ತೆ ವೇಗಕ್ಕೆ ತಂದು ಮತ್ತೆ ಸ್ಕೋಪ್ ಮಾಡಿ, ಅನಂತರ ಲೇಸಿಕ್ಸ್ ಮಾತು. ಔಷಧ ಕೊಟ್ಟು ಹತ್ತು ದಿನಗಳಲ್ಲಿ ಓಡಿಸುವುದು ಒಡೆದ ನಾಳಗಳ ಮೇಲೆಯೇ ಮತ್ತೆ ಒತ್ತಡ ಹಾಕುವ ಕೆಲಸ. ಪಾಲುದಾರರಲ್ಲಿ ಬಹುಮತ ಯಾರದ್ದೇ ಇರಲಿ, ಈ ಓಟಕ್ಕೆ ಹೆಸರು ಹಿಂತೆಗೆಯಬೇಕೆಂದು ನೀವು ಬರವಣಿಗೆಯಲ್ಲಿ ಕೊಡಿ.

ಮಿಸಿಸಾಗಾ ಸದಸ್ಯರು: ಹಿಂತೆಗೆದರೆ ಆ ಓಟದಲ್ಲಿ ಇನ್ಯಾವ ಕುದುರೆ ಒಳ್ಳೆಯದು, ಮೇಡಂ?

ನಿರ್ವಾಹಕರು: ಟಿಪ್ ಕೇಳಬಾರದೆಂದು ಮೊದಲೇ ಹೇಳಲಾಗಿದೆ. ವಿಂಡ್ಸರ್ ಸದಸ್ಯರು ಗುಂಪನ್ನು ತೊರೆದಿದ್ದಾರೆ. ಹೊಸ ಪ್ರಶ್ನೆಗಳನ್ನು ಇಲ್ಲಿಗೆ ನಿಲ್ಲಿಸಲಾಗಿದೆ.

ಓಕ್‌ವಿಲ್ ಸದಸ್ಯರು: ಬರೆದು ಕೊಟ್ಟೆ, ಮೇಡಂ. ಟ್ರೇನರ್ ಸಿಟ್ಟಾಗಿದ್ದಾರೆ, ಆದರೆ ಹೆಸರು ವಾಪಸು ಪಡೆದರು.